ನಾಯಿ ಬಟ್ಟಲಿಗೆ ಏನು ಹಾಕಬೇಕು? ಮೊಸರನ್ನದಿಂದ ಪ್ಯಾಕೆಟ್‌ವರೆಗೆ ಒಂದು ಲೆಕ್ಕ

ಮನೆಗೆ ನಾಯಿಮರಿ ಬಂದ ದಿನವೇ ಸಲಹೆಗಳೂ ಬರಲು ಶುರುವಾಗುತ್ತವೆ. ಪಕ್ಕದ ಮನೆಯವರು "ಹಾಲನ್ನ ಹಾಕಿ ಸಾಕು, ನಮ್ಮೂರಲ್ಲಿ ನಾಯಿಗಳೆಲ್ಲ ಅದನ್ನೇ ತಿಂದು ಬೆಳೆದವು" ಅನ್ನುತ್ತಾರೆ. ಮರಿ ಕೊಟ್ಟವರು ಒಂದು ಡಾಗ್ ಫುಡ್ ಹೆಸರು ಹೇಳಿ, ಜೊತೆಗೆ ಕ್ಯಾಲ್ಸಿಯಂ ಸಿರಪ್ಪನ್ನೂ ತರಲು ಹೇಳುತ್ತಾರೆ. ಯೂಟ್ಯೂಬ್ ತೆರೆದರೆ ಒಬ್ಬರು ಹಸಿ ಮಾಂಸ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ, ಇನ್ನೊಬ್ಬರು ಅನ್ನ ಗೋಧಿ ಎಲ್ಲ ನಾಯಿಗೆ ವಿಷ ಅಂತ ಹೆದರಿಸುತ್ತಾರೆ. ಮೊದಲ ಸಲ ನಾಯಿ ಸಾಕುತ್ತಿರುವವರಿಗೆ ತಲೆ ಕೆಡದೆ ಇನ್ನೇನಾಗುತ್ತದೆ?

ನನ್ನ ಮಾತು ಇಷ್ಟೇ. ಬಟ್ಟಲಲ್ಲಿ ಏನೇ ಇರಲಿ, ಕೇಳಬೇಕಾದ ಪ್ರಶ್ನೆ ಮೂರು. ಹೊಟ್ಟೆಗೆ ಬೇಕಾದಷ್ಟು ಶಕ್ತಿ ಸಿಗುತ್ತಿದೆಯಾ, ಪ್ರೋಟೀನ್ ಸಾಕಾ, ಕ್ಯಾಲ್ಸಿಯಂನಂಥ ಖನಿಜಗಳು ಮತ್ತು ವಿಟಮಿನ್‌ಗಳು ಸರಿಯಾದ ಪ್ರಮಾಣದಲ್ಲಿವೆಯಾ. ಈ ಮೂರೂ ಸರಿಯಿದ್ದರೆ ಊಟ ಪ್ಯಾಕೆಟ್ಟಿಂದ ಬಂದರೂ ಸರಿ, ಕುಕ್ಕರಿನಿಂದ ಬಂದರೂ ಸರಿ.

ತೋಳದ ವಂಶ, ಆದರೆ ತೋಳದ ಹೊಟ್ಟೆಯಲ್ಲ

ನಾಯಿ ತೋಳದಿಂದ ಬಂದದ್ದು ನಿಜ. ಆದರೆ ಸಾವಿರಾರು ವರ್ಷ ಮನುಷ್ಯರ ಜೊತೆ ಬದುಕಿ, ಮನುಷ್ಯರು ಬಿಟ್ಟದ್ದನ್ನು ತಿಂದು ಅದರ ಹೊಟ್ಟೆಯೂ ಬದಲಾಗಿದೆ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋಳ ಮತ್ತು ನಾಯಿಯ ಜೀನ್‌ಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು, ಅಂದರೆ ಅನ್ನ, ರಾಗಿ, ಜೋಳದಲ್ಲಿ ಇರುವ ಹಿಟ್ಟಿನಂಶವನ್ನು ಅರಗಿಸಲು ಅಮೈಲೇಸ್ ಅನ್ನುವ ರಸ ಬೇಕು. ಅದನ್ನು ತಯಾರಿಸುವ ಜೀನ್ ತೋಳದಲ್ಲಿ ಎರಡೇ ಪ್ರತಿ ಇತ್ತು, ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೂ ಸಿಕ್ಕವು. ಹಾಗಾಗಿ ಬೇಯಿಸಿದ ಅನ್ನ ನಾಯಿಗೆ ಅರಗುವುದಿಲ್ಲ ಅನ್ನುವ ಮಾತಿಗೆ ಆಧಾರವಿಲ್ಲ. ಚೆನ್ನಾಗಿ ಬೆಂದಿದ್ದರೆ ಸುಲಭವಾಗಿಯೇ ಅರಗುತ್ತದೆ.

ಅರಗುತ್ತದೆ ಅನ್ನುವುದು ಬೇರೆ, ಅಷ್ಟೇ ಸಾಕು ಅನ್ನುವುದು ಬೇರೆ. ನಾಯಿಯ ಮೈ ನಮ್ಮ ಮೈಯಂತೆಯೂ ಕೆಲಸ ಮಾಡುವುದಿಲ್ಲ. ವಿಟಮಿನ್ ಸಿ ಅನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ, ನಿಂಬೆ ಕಿತ್ತಳೆ ಕೊಡಬೇಕಾಗಿಲ್ಲ. ಆದರೆ ನಮ್ಮ ಹಾಗೆ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ಮಾಡಿಕೊಳ್ಳಲು ಅದರ ಚರ್ಮಕ್ಕೆ ಆಗುವುದಿಲ್ಲ. ದಿನವಿಡೀ ಅಂಗಳದಲ್ಲಿ ಬಿಸಿಲಿಗೆ ಮಲಗಿದರೂ ವಿಟಮಿನ್ ಡಿ ಊಟದಿಂದಲೇ ಬರಬೇಕು. ಕ್ಯಾಲ್ಸಿಯಂ ಮೂಳೆಗೆ ಸೇರಬೇಕಾದರೆ ಇದೂ ಬೇಕಲ್ವಾ, ಅದಕ್ಕೇ ಈ ವಿಷಯ ಮುಖ್ಯ.

ಸಸ್ಯಾಹಾರಿ ಮನೆಗಳಲ್ಲಿ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ: ಮಾಂಸವಿಲ್ಲದೆ ನಾಯಿ ಬದುಕುತ್ತದಾ? ಬದುಕುತ್ತದೆ. ಬೆಕ್ಕಿಗೆ ಹಾಗೆ ಮಾಡಲಾಗದು, ಅದಕ್ಕೆ ಟಾರಿನ್ ಅನ್ನುವ ಅಂಶ ಮಾಂಸದಿಂದಲೇ ಸಿಗಬೇಕು. ನಾಯಿ ಆ ಟಾರಿನ್ ಅನ್ನು ಪ್ರೋಟೀನಿನ ಬೇರೆ ಅಂಶಗಳಿಂದ ತಾನೇ ಮಾಡಿಕೊಳ್ಳಬಲ್ಲದು. ಅದಕ್ಕೆ ಒಳ್ಳೆಯ ಪ್ರೋಟೀನ್ ಧಾರಾಳವಾಗಿ ಸಿಗಬೇಕು ಅನ್ನುವುದೇ ಷರತ್ತು. ಮೊಟ್ಟೆ, ಪನೀರ್, ಸೋಯಾ ಇದ್ದರೆ ದಾರಿ ಇದೆ. ಬರೀ ಅನ್ನ ಮಜ್ಜಿಗೆಯಲ್ಲಿ ಇಲ್ಲ.

ದಿನಕ್ಕೆ ಎಷ್ಟು ಬೇಕು

ಊಟದ ಶಕ್ತಿಯನ್ನು ಅಳೆಯುವುದು ಕ್ಯಾಲೊರಿಯಲ್ಲಿ. ಮರಿ ಆಗದಂತೆ ಆಪರೇಷನ್ ಆಗಿರುವ, ಸಾಧಾರಣವಾಗಿ ಓಡಾಡುವ ಬೆಳೆದ ನಾಯಿಗೆ ಪಶುವೈದ್ಯರು ಬಳಸುವ ಲೆಕ್ಕದ ಪ್ರಕಾರ 5 ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 375 ಕ್ಯಾಲೊರಿ, 10 ಕೆಜಿಗೆ 630, 20 ಕೆಜಿಗೆ 1,060, 30 ಕೆಜಿಗೆ 1,435 ಬೇಕು. ಗಮನಿಸಿ, ತೂಕ ಎರಡರಷ್ಟಾದರೆ ಊಟ ಎರಡರಷ್ಟಾಗುವುದಿಲ್ಲ. ಚಿಕ್ಕ ನಾಯಿಗೆ ಕೆಜಿ ಲೆಕ್ಕದಲ್ಲಿ ಜಾಸ್ತಿ ಬೇಕು, ದೊಡ್ಡದಕ್ಕೆ ಕಡಿಮೆ.

ಇದು ಶುರು ಮಾಡಲು ಒಂದು ಅಂದಾಜು ಮಾತ್ರ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಸೋಫಾ ಮೇಲೆ ಮಲಗಿರುವ ನಾಯಿಗೆ ಇದಕ್ಕಿಂತ ಕಡಿಮೆ ಸಾಕು. ತೋಟ ಕಾಯುತ್ತಾ ರಾತ್ರಿಯೆಲ್ಲ ಓಡುವ ನಾಯಿಗೆ ಹೆಚ್ಚು ಬೇಕು. ಮರಿಗಳದ್ದು ಇನ್ನೊಂದು ಲೆಕ್ಕ. ಮೂರು ತಿಂಗಳ, 5 ಕೆಜಿ ತೂಗುವ ಮರಿಗೆ ದಿನಕ್ಕೆ 700 ಕ್ಯಾಲೊರಿ ಬೇಕಾಗಬಹುದು, ಅಂದರೆ ಅಷ್ಟೇ ತೂಕದ ಬೆಳೆದ ನಾಯಿಗೆ ಬೇಕಾದ್ದರ ಹತ್ತಿರ ಹತ್ತಿರ ಎರಡರಷ್ಟು. ಅದರ ಹೊಟ್ಟೆ ಮಾತ್ರ ಚಿಕ್ಕದು. ಅದಕ್ಕೇ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಹಾಕಬೇಕು, ಬೆಳೆದ ನಾಯಿಗೆ ಬೆಳಿಗ್ಗೆ ಸಂಜೆ ಎರಡು ಸಲ ಸಾಕು.

ಇನ್ನು ಬಿಸ್ಕತ್ತು. ಚಹಾದ ಜೊತೆ ನಾವು ತಿನ್ನುವ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ ಸುಮಾರು 25 ಕ್ಯಾಲೊರಿ. ನಾಲ್ಕು ಕೊಟ್ಟರೆ ನೂರಾಯಿತು. 5 ಕೆಜಿಯ ಪಗ್‌ಗೋ ಸ್ಪಿಟ್ಜ್‌ಗೋ ಅದು ಇಡೀ ದಿನದ ಊಟದ ಕಾಲು ಭಾಗಕ್ಕಿಂತ ಜಾಸ್ತಿ, ಅದೂ ಬರೀ ಮೈದಾ ಮತ್ತು ಸಕ್ಕರೆಯಿಂದ. ಮನೆಯಲ್ಲಿ ಅಜ್ಜ ಎರಡು, ಮಗಳು ಎರಡು, ಕೆಲಸಕ್ಕೆ ಬರುವವರು ಒಂದು ಅಂತ ಪ್ರೀತಿಯಿಂದ ಕೊಡುತ್ತಾ ಹೋದರೆ ಯಾರಿಗೂ ಒಟ್ಟು ಗೊತ್ತೇ ಆಗುವುದಿಲ್ಲ. ತಿಂಡಿ ತೀರ್ಥವೆಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟಬಾರದು ಅನ್ನುವುದು ವೈದ್ಯರ ನಿಯಮ.

ಮೊಸರನ್ನವನ್ನು ತೂಗಿ ನೋಡೋಣ

ನಮ್ಮ ಕಡೆ ಬಹಳಷ್ಟು ನಾಯಿಗಳ ಊಟ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. 10 ಕೆಜಿಯ ಒಂದು ನಾಯಿ. ಅದಕ್ಕೆ ದಿನಕ್ಕೆ 400 ಗ್ರಾಂ ಅನ್ನ, 180 ಗ್ರಾಂ ಮನೆ ಮೊಸರು. ಒಟ್ಟು ಕ್ಯಾಲೊರಿ ಸುಮಾರು 630. ಹೊಟ್ಟೆ ತುಂಬಿತು, ಬಟ್ಟಲು ಖಾಲಿಯಾಯಿತು, ನಾಯಿ ಬಾಲ ಅಲ್ಲಾಡಿಸಿತು.

ಈಗ ಪ್ರೋಟೀನ್. ಅನ್ನದಿಂದ 11 ಗ್ರಾಂ, ಮೊಸರಿನಿಂದ 6 ಗ್ರಾಂ, ಒಟ್ಟು 17. ಪ್ರಾಣಿಗಳ ಆಹಾರಕ್ಕೆ ಅಳತೆಗೋಲು ನಿಗದಿ ಮಾಡುವ ಅಮೆರಿಕದ ಆಫ್ಕೋ ಅನ್ನುವ ಸಂಸ್ಥೆಯ ಪ್ರಕಾರ ಇಷ್ಟು ಕ್ಯಾಲೊರಿಯ ಊಟದಲ್ಲಿ ಬೆಳೆದ ನಾಯಿಗೆ ಕನಿಷ್ಠ 28 ಗ್ರಾಂ ಇರಬೇಕು. ಕ್ಯಾಲ್ಸಿಯಂ ಸುಮಾರು 790 ಮಿಲಿಗ್ರಾಂ ಬೇಕು, ಸಿಕ್ಕಿದ್ದು 300ರೊಳಗೆ. ಕಬ್ಬಿಣ, ಸತು, ವಿಟಮಿನ್ ಡಿ ಇವುಗಳ ಕಥೆಯೂ ಹೀಗೇ.

ಅನ್ನದ ಬದಲು ರಾಗಿ ಹಾಕಿದರೆ? ಅಷ್ಟೇ ಕ್ಯಾಲೊರಿಗೆ 190 ಗ್ರಾಂ ರಾಗಿ ಹಿಟ್ಟು ಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಬೇರೆ ಧಾನ್ಯಗಳಿಗಿಂತ ಎಷ್ಟೋ ಪಾಲು ಜಾಸ್ತಿ, 100 ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು. ಹಾಗಾಗಿ ಕಾಗದದ ಮೇಲೆ 650 ದಾಟುತ್ತದೆ. ಆದರೆ ರಾಗಿಯಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುತ್ತದೆ, ಮೈಗೆ ಸೇರುವುದು ಕಡಿಮೆ. ಪ್ರೋಟೀನ್ ಅಂತೂ 14 ಗ್ರಾಂ ಅಷ್ಟೇ, ಬೇಕಾದ್ದರಲ್ಲಿ ಅರ್ಧ. ರಾಗಿ ಅಂಬಲಿ, ಮುದ್ದೆ ಒಳ್ಳೆಯ ಊಟದ ಒಂದು ಭಾಗ ಆಗಬಹುದು. ಅದೇ ಪೂರ್ತಿ ಊಟವಾಗದು.

"ಹಾಗಾದರೆ ಹಳ್ಳಿಯ ನಾಯಿಗಳು ಹೇಗೆ ಬದುಕಿದವು?" ನ್ಯಾಯವಾದ ಪ್ರಶ್ನೆ. ಅವು ಬರೀ ನಾವು ಹಾಕಿದ್ದನ್ನು ತಿಂದು ಬದುಕಿದವಲ್ಲ. ಹೊಲದಲ್ಲಿ ಇಲಿ ಹಿಡಿದವು, ಹಬ್ಬದ ಮಾರನೆ ದಿನ ಮೂಳೆ ಕಡಿದವು, ತಿಪ್ಪೆ ಕೆದಕಿದವು. ಎಷ್ಟೋ ಮರಿಗಳು ಬದುಕಲೂ ಇಲ್ಲ, ನಾವು ಉಳಿದವನ್ನು ಮಾತ್ರ ನೋಡಿದೆವು. ಗೇಟಿನೊಳಗೇ ಇರುವ ನಾಯಿಗೆ ಬಟ್ಟಲಲ್ಲಿ ಇಲ್ಲದ್ದು ಬೇರೆಲ್ಲೂ ಸಿಗುವುದಿಲ್ಲ.

ಹಾಲಿನ ಬಗ್ಗೆ ಒಂದು ಮಾತು. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಮರಿಗೆ ದಿನಾ ಭೇದಿ ಆಗುತ್ತಿದ್ದರೆ ಹಾಲು ನಿಲ್ಲಿಸಿ ನೋಡಿ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ, ಅದಕ್ಕೇ ಒಗ್ಗುತ್ತದೆ.

ಬೆಳೆಯುವ ಮೂಳೆ ಮತ್ತು ಕ್ಯಾಲ್ಸಿಯಂ

ನನಗೆ ಅತಿ ಹೆಚ್ಚು ಸಂಕಟವಾಗುವ ವಿಷಯ ಇದು, ಯಾಕೆಂದರೆ ಇಲ್ಲಿ ತಪ್ಪು ಎರಡೂ ಕಡೆಯಿಂದ ಆಗುತ್ತದೆ, ಎರಡೂ ಕಡೆ ಮಾಡುವವರ ಉದ್ದೇಶ ಒಳ್ಳೆಯದೇ ಇರುತ್ತದೆ.

ಮೊದಲನೆಯದು ಕೊರತೆ. ಬರೀ ಹಾಲನ್ನ ಅಥವಾ ಬರೀ ಮೂಳೆಯಿಲ್ಲದ ಕೋಳಿ ಮಾಂಸ ತಿನ್ನುವ ಮರಿಗೆ ಕ್ಯಾಲ್ಸಿಯಂ ಸಾಲುವುದಿಲ್ಲ. ಮಾಂಸದಲ್ಲಿ ರಂಜಕ, ಅಂದರೆ ಫಾಸ್ಫರಸ್ ಅನ್ನುವ ಖನಿಜ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. 100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ 15ರ ಆಸುಪಾಸು. ನಾಯಿಗೆ ಇವೆರಡೂ ಕನಿಷ್ಠ ಸಮಸಮ ಇರಬೇಕು, ಕ್ಯಾಲ್ಸಿಯಂ ರಂಜಕದ ಎರಡರಷ್ಟರವರೆಗೂ ಇರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಮೈ ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮೂಳೆ ಮೆತ್ತಗಾಗುತ್ತದೆ. ಮುಂಗಾಲು ಬಿಲ್ಲಿನಂತೆ ಬಾಗುತ್ತದೆ, ಮರಿ ಎದ್ದು ನಿಲ್ಲಲು ಕೂಗುತ್ತದೆ, ಸೋಫಾದಿಂದ ಧುಮುಕಿದ್ದಕ್ಕೇ ಕಾಲು ಮುರಿಯುತ್ತದೆ.

ಎರಡನೆಯದು ಅತಿಯಾಗುವುದು. ಒಳ್ಳೆಯ ಪಪ್ಪಿ ಫುಡ್ ಹಾಕುತ್ತಲೇ ಅದರ ಮೇಲೆ ದಿನಾ ಕ್ಯಾಲ್ಸಿಯಂ ಸಿರಪ್ ಹುಯ್ಯುವುದು. ಬೆಳೆದ ನಾಯಿಯ ಕರುಳು ಬೇಡವಾದ ಕ್ಯಾಲ್ಸಿಯಂ ಅನ್ನು ಒಳಗೆ ಬಿಟ್ಟುಕೊಳ್ಳದೆ ಹೊರಹಾಕುತ್ತದೆ. ಆರು ತಿಂಗಳೊಳಗಿನ ಮರಿಗೆ ಆ ಹಿಡಿತ ಸರಿಯಾಗಿ ಬಂದಿರುವುದಿಲ್ಲ, ಕೊಟ್ಟಷ್ಟೂ ಒಳಗೆ ಹೋಗುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ನಂಥ ದೊಡ್ಡ ತಳಿಗಳ ಮರಿಗಳಲ್ಲಿ ಇದರಿಂದ ಮೂಳೆ ಮತ್ತು ಕೀಲು ವಕ್ರವಾಗಿ ಬೆಳೆಯುತ್ತವೆ. ಈ ತಳಿಗಳ ಮರಿಯನ್ನು ಗುಂಡಗುಂಡಗೆ ಬೇಗ ಬೆಳೆಸುವುದೂ ಕೀಲಿಗೆ ಒಳ್ಳೆಯದಲ್ಲ. ಹಾಗಾಗಿ ಪೂರ್ತಿ ಪಪ್ಪಿ ಫುಡ್ ತಿನ್ನುತ್ತಿರುವ ಆರೋಗ್ಯವಂತ ಮರಿಗೆ ಮೇಲಿಂದ ಕ್ಯಾಲ್ಸಿಯಂ ಬೇಡ. ಯಾರಾದರೂ ಕೊಡಿ ಅಂದರೆ ಯಾಕೆ ಅಂತ ಕೇಳಿ.

ಮನೆಯಲ್ಲೇ ಅಡುಗೆ ಮಾಡುವುದಾದರೆ

ಖಂಡಿತ ಮಾಡಬಹುದು, ಖುಷಿಯ ಕೆಲಸವೂ ಹೌದು. ಆದರೆ ಇಂಟರ್ನೆಟ್ಟಿನಲ್ಲಿ ಸಿಕ್ಕ ರೆಸಿಪಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಪುಸ್ತಕ, ವೆಬ್‌ಸೈಟುಗಳಿಂದ 200 ರೆಸಿಪಿ ತೆಗೆದು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಅದರಲ್ಲಿ ಶೇ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆ ಇತ್ತು.

ನಮ್ಮ 10 ಕೆಜಿ ನಾಯಿಯ ಬಟ್ಟಲನ್ನೇ ಬದಲಿಸಿ ನೋಡೋಣ. 300 ಗ್ರಾಂ ಅನ್ನ, ಮೂಳೆ ತೆಗೆದು ಬೇಯಿಸಿದ 100 ಗ್ರಾಂ ಕೋಳಿ ಮಾಂಸ, ಒಂದು ಹಿಡಿ ಬೇಯಿಸಿದ ಕುಂಬಳಕಾಯಿ ಅಥವಾ ಕ್ಯಾರೆಟ್, ಒಂದು ಚಮಚ ಎಣ್ಣೆ. ಕ್ಯಾಲೊರಿ ಮೊದಲಿನಷ್ಟೇ, ಪ್ರೋಟೀನ್ ಮಾತ್ರ 17ರಿಂದ 35 ಗ್ರಾಮಿಗೆ ಏರಿತು. ಮಾಂಸ ತರದ ಮನೆಯಾದರೆ ಅನ್ನ ಸ್ವಲ್ಪ ತಗ್ಗಿಸಿ ಮೂರು ಬೇಯಿಸಿದ ಮೊಟ್ಟೆ ಹಾಕಿ, 18 ಗ್ರಾಂ ಪ್ರೋಟೀನ್ ಅಲ್ಲೇ ಬಂತು. ಮೊಟ್ಟೆಯೂ ಬೇಡವೆಂದರೆ ಪನೀರ್, ಬೇಯಿಸಿ ಹಿಂಡಿದ ಸೋಯಾ ಚಂಕ್ಸ್, ಚೆನ್ನಾಗಿ ಬೆಂದ ಬೇಳೆ.

ಆದರೂ ಈ ಬಟ್ಟಲು ಪೂರ್ತಿಯಾಗಿಲ್ಲ. ಕೋಳಿ ಹಾಕಿದ ಮೇಲೆ ಕ್ಯಾಲ್ಸಿಯಂ ಮೊಸರನ್ನಕ್ಕಿಂತಲೂ ಕಡಿಮೆಯಾಯಿತು! ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಸಿಪ್ಪೆಯಿಂದ ಅದನ್ನು ತುಂಬಬಹುದು, ಒಂದು ಚಿಕ್ಕ ಚಮಚ ಪುಡಿಯಲ್ಲಿ ಸುಮಾರು 2,000 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹಾಗಾಗಿ ಕೈಗೆ ಬಂದಷ್ಟು ಉದುರಿಸುವ ವಸ್ತು ಅದಲ್ಲ. ಸತು, ಅಯೋಡಿನ್, ವಿಟಮಿನ್ ಡಿ, ಇ ಇವೆಲ್ಲ ಇನ್ನೂ ಬಾಕಿ. ಇದಕ್ಕೇ ಮನೆ ಊಟ ತಿನ್ನುವ ನಾಯಿಗಳಿಗೆಂದೇ ಮಾಡಿದ ವಿಟಮಿನ್ ಖನಿಜ ಪುಡಿಗಳಿವೆ. ನೀವು ಹಾಕುವ ಪದಾರ್ಥಗಳನ್ನು ಪಶುವೈದ್ಯರಿಗೆ ತೋರಿಸಿ ಪ್ರಮಾಣ ಬರೆಸಿಕೊಳ್ಳಿ. ಮರಿಯಾದರೆ ಅಂದಾಜಿನ ಮೇಲೆ ಮನೆ ಅಡುಗೆ ಬೇಡವೇ ಬೇಡ.

ಕೋಳಿ ಅಂಗಡಿಯಲ್ಲಿ ನಾಯಿಗೆಂದು ಕೊಡುವ ಲಿವರ್ ಒಳ್ಳೆಯದೇ, ಆದರೆ ಆಗೊಮ್ಮೆ ಸ್ವಲ್ಪ ಮಾತ್ರ. ದಿನಾ ಅದನ್ನೇ ಹಾಕಿದರೆ ವಿಟಮಿನ್ ಎ ಮಿತಿಮೀರುತ್ತದೆ.

ಪ್ಯಾಕೆಟ್ ಹಿಂಭಾಗ ಓದುವುದು

ಮುಂಭಾಗದಲ್ಲಿರುವ ಚಿತ್ರ, 'ಪ್ರೀಮಿಯಂ', 'ನ್ಯಾಚುರಲ್' ಇವೆಲ್ಲ ಜಾಹೀರಾತು. ತಿರುಗಿಸಿ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಂತ ಇದೆಯಾ ನೋಡಿ. ಇದ್ದರೆ ಅದೊಂದೇ ಹಾಕಿದರೂ ನಡೆಯುವ ಪೂರ್ತಿ ಊಟ ಅಂತ ಕಂಪನಿ ಹೇಳುತ್ತಿದೆ ಎಂದರ್ಥ. 'ಕಾಂಪ್ಲಿಮೆಂಟರಿ' ಅಥವಾ 'ಟ್ರೀಟ್' ಅಂತಿದ್ದರೆ ಅದು ಊಟದ ಜೊತೆಗಿನ ಹಪ್ಪಳ ಇದ್ದ ಹಾಗೆ, ಅದರಿಂದಲೇ ಹೊಟ್ಟೆ ತುಂಬಿಸಬಾರದು. ಗ್ರೇವಿ ಪೌಚ್‌ಗಳಲ್ಲಿ ಎರಡೂ ಥರದವು ಇರುತ್ತವೆ, ಓದದೆ ಗೊತ್ತಾಗುವುದಿಲ್ಲ.

ಯಾವ ವಯಸ್ಸಿಗೆ ಅನ್ನುವುದು ಮುಂದಿನ ಸಾಲು. 'ಗ್ರೋತ್' ಅಂದರೆ ಮರಿಗೆ, 'ಮೇಂಟೆನೆನ್ಸ್' ಅಂದರೆ ಬೆಳೆದ ನಾಯಿಗೆ. ದೊಡ್ಡದಾದ ಮೇಲೆ 32 ಕೆಜಿ ಮುಟ್ಟುವ ತಳಿಯ ಮರಿಗೆ 'ಲಾರ್ಜ್ ಬ್ರೀಡ್ ಪಪ್ಪಿ' ಅನ್ನುವುದನ್ನೇ ತನ್ನಿ, ಅದರಲ್ಲಿ ಕ್ಯಾಲ್ಸಿಯಂಗೆ ಮೇಲ್ಮಿತಿ ಇಟ್ಟಿರುತ್ತಾರೆ.

ಪ್ರೋಟೀನ್ ಶೇಕಡಾ ನೋಡುವಾಗ ಮೋಸಹೋಗುವುದು ಸುಲಭ. ಒಣ ಡಾಗ್ ಫುಡ್‌ನಲ್ಲಿ ಶೇ 20, ಪೌಚ್‌ನಲ್ಲಿ ಶೇ 8 ಅಂತ ಬರೆದಿದ್ದರೆ ಒಣದ್ದೇ ಮೇಲು ಅನಿಸುತ್ತದೆ. ಆದರೆ ಪೌಚ್‌ನಲ್ಲಿ ಶೇ 80 ನೀರು. ನೀರು ತೆಗೆದು ಲೆಕ್ಕ ಹಾಕಿದರೆ ಪೌಚ್‌ನದ್ದು ಶೇ 40, ಒಣದ್ದು ಶೇ 22. ಹೀಗೆ ನೀರು ಕಳೆದ ಲೆಕ್ಕದಲ್ಲಿ ಆಫ್ಕೋ ಕೇಳುವ ಕನಿಷ್ಠ ಪ್ರೋಟೀನ್ ಬೆಳೆದ ನಾಯಿಗೆ ಶೇ 18, ಮರಿಗೆ ಶೇ 22.5.

ಒಣ ಡಾಗ್ ಫುಡ್ 100 ಗ್ರಾಮಿಗೆ ಸಾಮಾನ್ಯವಾಗಿ 350ರಿಂದ 400 ಕ್ಯಾಲೊರಿ. ನಮ್ಮ 10 ಕೆಜಿ ನಾಯಿಗೆ ದಿನಕ್ಕೆ 160ರಿಂದ 180 ಗ್ರಾಂ ಆಯಿತು. ಲೋಟದಲ್ಲಿ ಅಳೆಯುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಕೈ ಅಳತೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ. ಪ್ಯಾಕೆಟ್ಟಿನ ಜೊತೆ ಮನೆ ಊಟ ಬೆರೆಸುವವರು ಮನೆ ಊಟ ಎಷ್ಟು ಹಾಕಿದಿರೋ ಅಷ್ಟು ಕ್ಯಾಲೊರಿಯ ಪ್ಯಾಕೆಟ್ ತಗ್ಗಿಸಬೇಕು.

ಹಸಿ ಮಾಂಸ, ಧಾನ್ಯವಿಲ್ಲದ ಊಟ

ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದು. ನಾಯಿಗೆ ಏನೂ ಆಗದಿದ್ದರೂ ಅದರ ಮಲ, ಬಟ್ಟಲು, ನೆಕ್ಕುವ ಬಾಯಿಯ ಮೂಲಕ ಮನೆಯ ಮಗುವಿಗೋ ವಯಸ್ಸಾದವರಿಗೋ ಅಂಟಬಹುದು. ಅಮೆರಿಕದ ಪಶುವೈದ್ಯರ ಸಂಘ ಇದನ್ನು ಬೇಡ ಅನ್ನುತ್ತದೆ. ನಮ್ಮ ಸೆಕೆಗೆ, ಬೆಳಿಗ್ಗೆ ಕೊಯ್ದ ಮಾಂಸ ಮಧ್ಯಾಹ್ನದ ತನಕ ಹೊರಗೇ ತೂಗಾಡುವ ಅಂಗಡಿಗಳಿರುವಾಗ ನಾನೂ ಬೇಯಿಸಿ ಹಾಕಿ ಅಂತಲೇ ಹೇಳುತ್ತೇನೆ.

'ಗ್ರೇನ್ ಫ್ರೀ' ಅನ್ನುವ ಊಟದಲ್ಲಿ ಅಕ್ಕಿ ಗೋಧಿ ಬದಲು ಬಟಾಣಿ, ಕಾಳು, ಆಲೂಗಡ್ಡೆ ಇರುತ್ತದೆ. ಇಂಥ ಊಟಕ್ಕೂ ಹೃದಯದ ಒಂದು ಕಾಯಿಲೆಗೂ ನಂಟು ಇರಬಹುದಾ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2018ರಲ್ಲಿ ತನಿಖೆ ಶುರುಮಾಡಿತು. ನಂಟು ಖಚಿತವಾಗಿ ಸಾಬೀತಾಗಿಲ್ಲ. ಧಾನ್ಯದ ಅಲರ್ಜಿ ಇದೆ ಅಂತ ವೈದ್ಯರು ಹೇಳದೆ ಸುಮ್ನೆ ದುಡ್ಡು ಜಾಸ್ತಿ ಕೊಟ್ಟು ಧಾನ್ಯ ಬಿಡಿಸುವ ಅಗತ್ಯ ಕಾಣುವುದಿಲ್ಲ.

ನಮ್ಮ ಅಡುಗೆಮನೆಯಲ್ಲೇ ಇರುವ ಅಪಾಯ

ಮೊದಲು ಈರುಳ್ಳಿ ಮತ್ತು ಬೆಳ್ಳುಳ್ಳಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಗುಣ ಹೋಗುವುದಿಲ್ಲ. ದೇಹದ ತೂಕದ ಶೇ 0.5ರಷ್ಟು ಈರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೆ ತೊಂದರೆ ಖಚಿತ, ಅಂದರೆ 10 ಕೆಜಿ ನಾಯಿಗೆ 50 ಗ್ರಾಂ, ಒಂದು ಸಣ್ಣ ಈರುಳ್ಳಿ. ಸಾರು, ಪಲ್ಯ, ಬಿರಿಯಾನಿ ಉಳಿದದ್ದನ್ನು ನಾಯಿಗೆ ಸುರಿಯುವ ಅಭ್ಯಾಸ ಬಿಡಬೇಕಾದದ್ದು ಇದಕ್ಕೇ. ಬಾಡೂಟದ ಕೊಬ್ಬು, ಚರ್ಮ ಒಂದೇ ಸಲ ಜಾಸ್ತಿ ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಿಪರೀತ ವಾಂತಿ, ಹೊಟ್ಟೆನೋವು ಬರಬಹುದು.

ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನೇ ಕೆಡಿಸುತ್ತವೆ, ಯಾವ ನಾಯಿಗೆ ಎಷ್ಟಕ್ಕೆ ಅಂತ ಮೊದಲೇ ಹೇಳಲಾಗದು. ಪಾಯಸ, ಕೇಸರಿಬಾತಿನಲ್ಲಿರುವುದೂ ಅದೇ ಒಣದ್ರಾಕ್ಷಿ. ಚಾಕೊಲೇಟ್, ಕಾಫಿ ಪುಡಿ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಇರುವ ಜೈಲಿಟಾಲ್ ಅನ್ನುವ ಸಿಹಿ ಸ್ವಲ್ಪವೇ ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ, ಲಿವರ್ ಕೆಡುತ್ತದೆ. ಬೇಯಿಸಿದ ಕೋಳಿ ಮೂಳೆ ಸೀಳಿ ಚೂಪಾಗಿ ಗಂಟಲಲ್ಲೋ ಕರುಳಲ್ಲೋ ಚುಚ್ಚಿಕೊಳ್ಳುತ್ತದೆ. ಇವುಗಳಲ್ಲಿ ಯಾವುದಾದರೂ ತಿಂದದ್ದು ಗೊತ್ತಾದರೆ ವಾಂತಿ ಶುರುವಾಗಲಿ ಅಂತ ಕಾಯದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಕೈಯಿಂದ ಮುಟ್ಟಿ ನೋಡಿ

ಎಲ್ಲ ಲೆಕ್ಕ ಸರಿಯಿದೆಯಾ ಅಂತ ಕೊನೆಗೆ ಹೇಳುವುದು ನಾಯಿಯ ಮೈ. ಎರಡೂ ಅಂಗೈಗಳನ್ನು ಅದರ ಪಕ್ಕೆಯ ಮೇಲೆ ಇಟ್ಟು ಮೆಲ್ಲಗೆ ಸವರಿ. ಒತ್ತದೆಯೇ ಪಕ್ಕೆಲುಬು ಒಂದೊಂದಾಗಿ ಕೈಗೆ ತಾಗಬೇಕು. ಮೇಲಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ಪಕ್ಕೆಲುಬು ಹುಡುಕಲು ಬೆರಳು ಒತ್ತಬೇಕಾಗಿ ಬಂದರೆ ನಾಯಿ ದಪ್ಪಗಾಗಿದೆ.

ತಳಿ ನೋಡಿ ಹೇಳಬೇಕಾಗುತ್ತದೆ. ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿ ಓಟಕ್ಕೇ ಹುಟ್ಟಿದ್ದು. ಅದರ ಕೊನೆಯ ಒಂದೆರಡು ಪಕ್ಕೆಲುಬು ಕಣ್ಣಿಗೆ ಕಂಡರೂ ಅದು ಸಹಜ, "ಪಾಪ ಒಣಗಿದೆ" ಅಂತ ತುಂಬಿಸಿ ದಪ್ಪ ಮಾಡಬೇಡಿ. ಲ್ಯಾಬ್ರಡಾರ್ ಇದಕ್ಕೆ ತದ್ವಿರುದ್ಧ. ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನ್ ಅರೆಬರೆಯಾಗಿದೆ ಅಂತ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಊಟವಾದ ಹತ್ತು ನಿಮಿಷಕ್ಕೆ ಮತ್ತೆ ಬಟ್ಟಲ ಮುಂದೆ ಕೂತರೆ ಅದಕ್ಕೆ ನಿಜವಾಗಿಯೂ ಹಸಿವಾಗುತ್ತಿರಬಹುದು, ಆದರೆ ಊಟ ಬೇಕಾಗಿಲ್ಲ.

ತೆಳ್ಳಗಿಡುವುದರಿಂದ ಏನು ಲಾಭ ಅನ್ನುವುದಕ್ಕೆ ಒಂದು ದೊಡ್ಡ ಅಧ್ಯಯನ ಇದೆ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25 ಕಡಿಮೆ ಊಟ ಕೊಟ್ಟು ಜೀವನಪರ್ಯಂತ ನೋಡಿಕೊಂಡರು. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದವು ಸುಮಾರು 13 ವರ್ಷ, ಜಾಸ್ತಿ ತಿಂದವು ಸುಮಾರು 11.2 ವರ್ಷ ಬದುಕಿದವು. ಕೀಲುನೋವೂ ಕಡಿಮೆ ತಿಂದವುಗಳಿಗೆ ತಡವಾಗಿ ಬಂತು.

ಊಟ ಬದಲಿಸುವಾಗ

ಈ ಲೇಖನ ಓದಿ ನಾಳೆ ಬೆಳಿಗ್ಗೆಯೇ ಎಲ್ಲ ಬದಲಿಸಬೇಡಿ. ಕರುಳಿಗೆ ಹೊಸ ಊಟ ಒಗ್ಗಲು ಒಂದು ವಾರದಿಂದ ಹತ್ತು ದಿನ ಬೇಕು. ಮೊದಲು ಹಳೆಯದು ಮುಕ್ಕಾಲು, ಹೊಸದು ಕಾಲು. ಎರಡು ಮೂರು ದಿನಕ್ಕೆ ಅರ್ಧ ಅರ್ಧ. ಹಾಗೇ ಮುಂದೆ. ಮಲ ತೆಳ್ಳಗಾದರೆ ಒಂದು ಹೆಜ್ಜೆ ಹಿಂದೆ ಹೋಗಿ.

ಮರಿಗೆ ಎಷ್ಟು ಹಾಕಿದರೂ ಮೈ ಹತ್ತುತ್ತಿಲ್ಲ, ಹೊಟ್ಟೆ ಮಾತ್ರ ಗುಡಾಣದಂತಿದೆ ಅಂದರೆ ಊಟಕ್ಕಿಂತ ಮೊದಲು ಜಂತುಹುಳದ ಔಷಧಿ ಕೊಡಿಸಿ. ಕಿಡ್ನಿ ತೊಂದರೆ, ಶುಗರ್, ಮೂತ್ರದಲ್ಲಿ ಕಲ್ಲು ಇರುವ ನಾಯಿಗಳಿಗೆ ಮೇಲಿನ ಲೆಕ್ಕಗಳು ಅನ್ವಯಿಸುವುದಿಲ್ಲ, ಅವುಗಳ ಊಟವೇ ಚಿಕಿತ್ಸೆಯ ಭಾಗ. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಬಹುದು, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳೂ ಇವೆ. ಹೋಗುವ ಮೊದಲು ಒಂದು ವಾರ ಬಟ್ಟಲಿಗೆ ಏನೇನು ಎಷ್ಟೆಷ್ಟು ಗ್ರಾಂ ಹಾಕಿದಿರಿ ಅಂತ ಬರೆದಿಟ್ಟುಕೊಳ್ಳಿ. ಅಜ್ಜ ಕೊಟ್ಟ ಬಿಸ್ಕತ್ತನ್ನೂ ಸೇರಿಸಿ.